ತಾಯಿಯಿದ್ದ ಅನಾಥರು

ಹೆತ್ತವರ ಆಸರೆ ತಪ್ಪಿದ ಮಗುವನ್ನು ಕಾಪಾಡುವ ಹೊಣೆ ಯಾರದು ಎಂಬ ಪ್ರಶ್ನೆ ಮನುಷ್ಯಸಮಾಜದಷ್ಟೇ ಹಳೆಯದು. ಆದರೆ ಆ ಹೊಣೆಯನ್ನು ಹೊರುವುದಕ್ಕೆಂದೇ ಒಂದು ಕಟ್ಟಡವನ್ನೆಬ್ಬಿಸಿ, ಅದಕ್ಕೊಂದು ಆಡಳಿತ ಮಂಡಲಿಯನ್ನು ನೇಮಿಸಿ, ಲೆಕ್ಕಪತ್ರಗಳನ್ನಿಟ್ಟು, ಬಂದ ಮಗುವಿಗೆ ಅನ್ನ ವಸ್ತ್ರ ವಿದ್ಯೆಗಳನ್ನು ಕ್ರಮವಾಗಿ ಒದಗಿಸುವ ಏರ್ಪಾಡು ಅಷ್ಟು ಹಳೆಯದಲ್ಲ. ಬಹುಕಾಲದವರೆಗೆ ಅಂಥ ಮಗುವನ್ನು ಸೋದರಮಾವನೋ ಚಿಕ್ಕಪ್ಪನೋ ನೆರೆಹೊರೆಯವರೋ ಸಾಕಿಕೊಂಡರು; ಅವರು ಯಾರೂ ಇಲ್ಲದೆಡೆ ಗುಡಿಯ ಜಗಲಿ, ಚರ್ಚಿನ ಮೆಟ್ಟಿಲು, ಛತ್ರದ ಮೂಲೆ ಅದಕ್ಕೆ ನೆಲೆಯಾಯಿತು. ಯೂರೋಪಿನಲ್ಲಿ ಇಟಲಿಯ ನಗರಗಳು ಈ ಕಾರ್ಯಕ್ಕೆ ಮೊದಲು ಕೈಹಾಕಿದುವು. ಫ್ಲಾರೆನ್ಸಿನ ರೇಷ್ಮೆ ವರ್ತಕರ ಸಂಘವು 1419ರಲ್ಲಿ ಬ್ರೂನೆಲೆಸ್ಕಿ ಎಂಬ ಮಹಾಶಿಲ್ಪಿಯಿಂದ ನಕ್ಷೆ ಬರೆಯಿಸಿ ಕಟ್ಟಿಸಿದ ಶಿಶುಮಂದಿರಕ್ಕೆ 1445ರಲ್ಲಿ ಮೊದಲ ಮಗು ಬಂದಿತು. ಪ್ಯಾರಿಸಿನಲ್ಲಿ ವಿನ್ಸೆಂಟ್ ಡಿ ಪಾಲ್ ಎಂಬ ಸಂತನು 1638ರಲ್ಲಿ ಇಂಥದೇ ಕೆಲಸವನ್ನಾರಂಭಿಸಿದನು. ಆದರೆ ಈ ಬಗೆಯ ಮನೆಗಳ ಚರಿತ್ರೆಯಲ್ಲಿ, ಅವೆರಡಕ್ಕಿಂತ ತಡವಾಗಿ ಹುಟ್ಟಿದ ಲಂಡನ್ ನಗರದ ಫೌಂಡ್ಲಿಂಗ್ ಹಾಸ್ಪಿಟಲ್ ಎಂಬ ಶಿಶುಪಾಲನಾಲಯವೇ ನಮಗೆ ಹೆಚ್ಚಿನ ಪಾಠವನ್ನು ಕಲಿಸತಕ್ಕದ್ದಾಗಿದೆ. ಏಕೆಂದರೆ ಅದರ ಆಡಳಿತಗಾರರು ಎರಡು ಶತಮಾನಗಳ ಕಾಲ ತಮ್ಮ ಪ್ರತಿಯೊಂದು ಕಾರ್ಯವನ್ನೂ ಬರೆದಿಟ್ಟರು, ಮತ್ತು ಆ ಬರಹದಲ್ಲಿ ಮಾನವನ ಕರುಣೆಯ ಔನ್ನತ್ಯವೂ ಅದರ ಪರಿಮಿತಿಯೂ ಒಟ್ಟಿಗೇ ಕಾಣಿಸುತ್ತವೆ.

ಆ ಸಂಸ್ಥೆಯ ಸ್ಥಾಪಕನು ದೊರೆಯಲ್ಲ, ಮಠಾಧಿಪತಿಯಲ್ಲ, ಪಂಡಿತನೂ ಅಲ್ಲ. ಥಾಮಸ್ ಕೋರಮ್ ಎಂಬಾತನು ಸುಮಾರು 1668ರಲ್ಲಿ ಇಂಗ್ಲೆಂಡಿನ ದಕ್ಷಿಣ ತೀರದ ಲೈಮ್ ರೀಜಿಸ್ ಎಂಬ ರೇವುಪಟ್ಟಣದಲ್ಲಿ ಹುಟ್ಟಿ, ಎಳೆತನದಲ್ಲಿಯೇ ತಾಯಿಯನ್ನು ಕಳೆದುಕೊಂಡು, ಬಾಲ್ಯದಲ್ಲಿಯೇ ಹಡಗನ್ನು ಹತ್ತಿದವನು. ಪ್ರಾಯದಲ್ಲಿ ಅಮೆರಿಕದ ಮಸಾಚುಸೆಟ್ಸ್ ವಸಾಹತಿಗೆ ಹೋಗಿ ಸುಮಾರು ಹತ್ತು ವರ್ಷ ಹಡಗು ಕಟ್ಟುವ ಉದ್ಯಮವನ್ನು ನಡೆಸಿ, ಅಲ್ಲಿಯೇ ಯೂನಿಸ್ ಎಂಬಾಕೆಯನ್ನು ವಿವಾಹವಾಗಿ, ತರುವಾಯ ಇಂಗ್ಲೆಂಡಿಗೆ ಹಿಂತಿರುಗಿ ಥೇಮ್ಸ್ ನದಿಯ ದಂಡೆಯ ರಾದರ್‌ಹೈತ್ ಎಂಬಲ್ಲಿ ನೆಲೆಸಿದನು. ಆ ದಂಪತಿಗಳಿಗೆ ಮಕ್ಕಳಿರಲಿಲ್ಲ. ವ್ಯಾಪಾರಕಾರ್ಯಕ್ಕಾಗಿ ಮುಂಜಾನೆಯ ಮಬ್ಬಿನಲ್ಲಿಯೂ ಸಂಜೆಯ ಕತ್ತಲಲ್ಲಿಯೂ ಮನೆಗೂ ಪೇಟೆಗೂ ನಡುವೆ ಓಡಾಡುತ್ತಿದ್ದ ಈ ಕಪ್ತಾನನಿಗೆ, ಹಾದಿಯ ಮಗ್ಗುಲಿನ ಕಸದ ಗುಡ್ಡೆಗಳ ಬಳಿಯಲ್ಲಿ, ಕೆಲವೊಮ್ಮೆ ಸತ್ತು, ಕೆಲವೊಮ್ಮೆ ಇನ್ನೂ ಉಸಿರಾಡುತ್ತ ಬಿದ್ದಿರುತ್ತಿದ್ದ ಹಸುಗೂಸುಗಳು ಕಣ್ಣಿಗೆ ಬೀಳುತ್ತಿದ್ದುವು. ಸಾವಿರಾರು ಜನ ದಿನವೂ ನೋಡಿ ಮುಂದಕ್ಕೆ ಹೋಗುತ್ತಿದ್ದ ಆ ದೃಶ್ಯವನ್ನು ಈತನು ನೋಡಿ ಮುಂದಕ್ಕೆ ಹೋಗಲಾರದಾದನು. ಅವನ ಹಿರಿಮೆಯೆಲ್ಲವೂ ಇಷ್ಟರಲ್ಲಿಯೇ ಅಡಗಿದೆಯೆನ್ನಬಹುದು.

ಆ ಕೂಸುಗಳು ಹಾದಿಗೆ ಬೀಳುತ್ತಿದ್ದುದಕ್ಕೆ ಕಾರಣವು ತಾಯಂದಿರ ಕ್ರೌರ್ಯವಾಗಿರಲಿಲ್ಲ. ಹಳ್ಳಿಗಳಿಂದ ಕೆಲಸವನ್ನರಸಿ ಲಂಡನ್ನಿಗೆ ಬಂದು, ಸಿರಿವಂತರ ಮನೆಗಳಲ್ಲಿ ಊಳಿಗಕ್ಕೆ ನಿಂತ ಹದಿಹರೆಯದ ಹೆಣ್ಣುಮಕ್ಕಳು ಅಲ್ಲಿ ಅಸಂಖ್ಯರಾಗಿದ್ದರು. ಮದುವೆಯ ಮಾತನ್ನು ನಂಬಿಯೋ, ಯಜಮಾನನ ಬಲಾತ್ಕಾರಕ್ಕೆ ಸಿಲುಕಿಯೋ ಗರ್ಭವತಿಯಾದವಳು ಅದೇ ದಿನ ಕೆಲಸವನ್ನೂ ಇರಲೊಂದು ಸೂರನ್ನೂ ಕಳೆದುಕೊಳ್ಳುತ್ತಿದ್ದಳು; ಮಗುವನ್ನು ಕಂಕುಳಲ್ಲಿಟ್ಟುಕೊಂಡವಳಿಗೆ ಮತ್ತೊಂದು ಮನೆಯಲ್ಲಿ ಊಳಿಗ ಸಿಕ್ಕುವ ಸಂಭವವೇ ಇರಲಿಲ್ಲ. ಬಡವರನ್ನು ಪೋಷಿಸುವ ಹೊಣೆ ಪ್ಯಾರಿಷ್ ಎಂಬ ಚರ್ಚಿನ ಆಡಳಿತ ಘಟಕಕ್ಕೆ ಸೇರಿದುದಾಗಿದ್ದರೂ, ತೆರಿಗೆಯ ಹೊರೆಗೆ ಅಂಜಿದ ಅದರ ಅಧಿಕಾರಿಗಳು ಬಸುರಿ ಹೆಂಗಸು ತಮ್ಮ ಎಲ್ಲೆಯೊಳಗೆ ಹೆರದಂತೆ ಅವಳನ್ನು ಹೊರಗಟ್ಟುವುದರಲ್ಲಿಯೇ ಜಾಣತನವನ್ನು ಕಂಡಿದ್ದರು. ಅವರ ವಶಕ್ಕೆ ಬಂದ ಎಳೆಗೂಸುಗಳಲ್ಲಿ ಬಹುಪಾಲು ಬದುಕುತ್ತಿರಲಿಲ್ಲ. ಇನ್ನೊಂದೆಡೆ, ಇಂಥ ಮಕ್ಕಳನ್ನು ಸಾಕಲು ಮನೆಯನ್ನು ಕಟ್ಟಿದರೆ ಅನೀತಿಗೆ ಪ್ರೋತ್ಸಾಹ ಕೊಟ್ಟಂತಾದೀತೆಂದು ಧರ್ಮಭೀರುಗಳು ವಾದಿಸುತ್ತಿದ್ದರು. ತಾಯಿಯ ತಪ್ಪಿಗೆ ಶಿಶುವು ಪ್ರಾಣವನ್ನು ತೆರುವುದೇ ನೀತಿಯೆಂಬ ಈ ನಿಷ್ಠುರ ತರ್ಕವನ್ನು ಜಯಿಸಲು ಕೋರಮನಿಗೆ ಹದಿನೇಳು ವರ್ಷಗಳು ಬೇಕಾದುವು.

ಗಂಡಸರ ಬಾಗಿಲುಗಳನ್ನು ತಟ್ಟಿ ತಟ್ಟಿ ನಿರಾಶನಾದ ಆತನು ಕೊನೆಗೆ ಹೆಂಗಸರ ಮೊರೆಹೊಕ್ಕನು. 1729ರಲ್ಲಿ ಸಾಮರ್ಸೆಟ್‌ನ ಡಚೆಸ್ ಅವನ ಮನವಿಗೆ ಮೊದಲ ರುಜು ಹಾಕಿದಳು. ಮುಂದಿನ ಆರು ವರ್ಷಗಳಲ್ಲಿ ಒಟ್ಟು ಇಪ್ಪತ್ತೊಂದು ಮಂದಿ ಕುಲೀನ ಸ್ತ್ರೀಯರು ತಮ್ಮ ಹೆಸರನ್ನು ಕೊಟ್ಟರು. ಅಂಥ ಮಾನ್ಯರೇ ಒಪ್ಪಿದಮೇಲೆ ಈ ಕಾರ್ಯವನ್ನು ಅನೀತಿಯೆಂದು ಹಳಿಯುವುದು ಕಷ್ಟವಾಯಿತು. ಅವರ ಗಂಡಂದಿರೂ ಬಂಧುಗಳೂ ಹಿಂದೆಯೇ ಬಂದರು. 1739ರ ಅಕ್ಟೋಬರ್ 17ರಂದು ಎರಡನೆಯ ಜಾರ್ಜ್ ದೊರೆಯ ಸನ್ನದು ಸಂಸ್ಥೆಗೆ ದೊರೆಯಿತು. ಎಪ್ಪತ್ತನ್ನು ದಾಟಿದ್ದ ಕೋರಮನು ಅಂದು ಪಡೆದ ಸಂತೋಷವು ಅವನ ಮಡದಿಗೆ ಬಹುಕಾಲ ಪ್ರಾಪ್ತವಾಗಲಿಲ್ಲ. ಮರುವರ್ಷವೇ ಆಕೆಯು ತೀರಿಕೊಂಡಳು.

1741ರ ಮಾರ್ಚ್ 25ರ ರಾತ್ರಿ, ಹ್ಯಾಟನ್ ಗಾರ್ಡನ್ ಎಂಬಲ್ಲಿ ಬಾಡಿಗೆಗೆ ಹಿಡಿದಿದ್ದ ಮನೆಯ ಬಾಗಿಲು ತೆರೆಯಿತು. ಮಗುವನ್ನು ತಂದವಳ ಮುಖ ಯಾರಿಗೂ ಕಾಣದಿರಲೆಂದು ಹೊರಗಿನ ದೀಪವನ್ನು ಆರಿಸಿದ್ದರು. ಹೆಸರೇನು, ಊರು ಯಾವುದು, ತಂದೆ ಯಾರು ಎಂದು ಯಾರೂ ಕೇಳಕೂಡದೆಂಬುದು ನಿಯಮ. ಮಗು ಎರಡು ತಿಂಗಳಿಗಿಂತ ಚಿಕ್ಕದಾಗಿರಬೇಕು, ಅಂಟುರೋಗವಿರಕೂಡದು, ಇಷ್ಟೇ ಷರತ್ತು. ನಡುರಾತ್ರಿಯ ಹೊತ್ತಿಗೆ ಮೂವತ್ತು ಮಕ್ಕಳಾಗಿ ಮನೆಯು ತುಂಬಿಹೋಯಿತು. ಬಾಗಿಲು ಮುಚ್ಚಿದಾಗ ಹೊರಗೆ ಇನ್ನೂ ಹೆಂಗಸರು ಕೂಸುಗಳನ್ನೆತ್ತಿಕೊಂಡು ನಿಂತಿದ್ದರು. ಒಳಗೆ ಬಿಟ್ಟುಹೋದವರ ಅಳುವೂ ಹೊರಗೆ ಉಳಿದವರ ಅಳುವೂ ಒಂದರೊಡನೊಂದು ಬೆರೆತಿದ್ದುವು. ಕೆಲವು ದಿನಗಳಲ್ಲಿ ಮಕ್ಕಳಿಗೆ ದೀಕ್ಷಾಸ್ನಾನವನ್ನು ಮಾಡಿಸಿ ಹೊಸ ಹೆಸರುಗಳನ್ನಿಟ್ಟಾಗ, ಮೊದಲ ಗಂಡುಮಗುವು ಥಾಮಸ್ ಕೋರಮ್ ಎಂದೂ ಮೊದಲ ಹೆಣ್ಣುಮಗುವು ಯೂನಿಸ್ ಕೋರಮ್ ಎಂದೂ ಕರೆಯಲ್ಪಟ್ಟುವು.

ಬರುವವರು ಹೆಚ್ಚು, ಸ್ಥಳ ಕಡಮೆ; ಆದುದರಿಂದ ಬಾಗಿಲಲ್ಲಿ ನೂಕುನುಗ್ಗಲು ದಿನದಿನಕ್ಕೆ ಬೆಳೆಯಿತು. ಮೊದಲು ಬಂದವರಿಗೆ ಮೊದಲು ಎಂಬ ಪದ್ಧತಿಯಿಂದ ಬಲವುಳ್ಳವರೇ ಮುನ್ನುಗ್ಗುವುದಾಯಿತೆಂದು ಆಡಳಿತಗಾರರು 1742ರಲ್ಲಿ ಚೀಟಿಯೆತ್ತುವುದನ್ನು ಹೋಲುವ ಒಂದು ಕ್ರಮವನ್ನು ಜಾರಿಗೆ ತಂದರು. ತಾಯಂದಿರನ್ನು ಒಂದು ದೊಡ್ಡ ಕೊಠಡಿಯಲ್ಲಿ ಸಾಲಾಗಿ ಕೂರಿಸಿ, ಒಬ್ಬೊಬ್ಬಳೂ ಚೀಲದೊಳಕ್ಕೆ ಕೈಹಾಕಿ ಒಂದು ಗುಂಡನ್ನು ತೆಗೆಯಬೇಕು. ಬಿಳಿಯ ಗುಂಡು ಬಂದರೆ, ಮಗುವು ರೋಗರಹಿತವಾಗಿದ್ದ ಪಕ್ಷದಲ್ಲಿ, ಪ್ರವೇಶ. ಕೆಂಪಾದರೆ, ಬಿಳಿಯ ಗುಂಡಿನವರಲ್ಲಿ ಯಾರಾದರೂ ತಿರಸ್ಕೃತರಾಗುವವರೆಗೆ ಕಾಯತಕ್ಕದ್ದು. ಕಪ್ಪಾದರೆ ಮಗುವನ್ನೆತ್ತಿಕೊಂಡು ಬೀದಿಗೆ ಹಿಂತಿರುಗತಕ್ಕದ್ದು. ನ್ಯಾಯಕ್ಕಾಗಿಯೇ ಏರ್ಪಡಿಸಿದ ಈ ಕ್ರಮವನ್ನು ನೋಡಲು ಊರಿನ ಸಿರಿವಂತ ಸ್ತ್ರೀಪುರುಷರು ಬಂದು ನಿಲ್ಲುತ್ತಿದ್ದರು. ಒಂದು ಶಿಶುವಿನ ಜೀವನ ಮರಣಗಳು ಒಂದು ಗುಂಡಿನ ಬಣ್ಣದ ಮೇಲೆ ನಿಂತಿರುವಾಗ, ಅದನ್ನು ಹಿಡಿದ ಕೈಯ ನಡುಕವು ಪ್ರೇಕ್ಷಣೀಯವಾಯಿತೆಂಬುದು ಆ ಕಾಲದ ದಾನಶೀಲತೆಗೆ ಅಂಟಿಕೊಂಡ ಕಲಂಕವೇ ಸರಿ.

ಮಗುವನ್ನು ಒಪ್ಪಿಸುವಾಗ ತಾಯಿಯು ಒಂದು ಗುರುತನ್ನು ಬಿಟ್ಟುಹೋಗಬಹುದಾಗಿತ್ತು. ಮುಂದೆಂದಾದರೂ ಕಾಲ ಕೂಡಿಬಂದರೆ ತನ್ನ ಮಗುವನ್ನು ಗುರುತಿಸಿ ಬಿಡಿಸಿಕೊಳ್ಳಲು ಅದೇ ಆಧಾರ. ಹಣವುಳ್ಳವರು ಹೆಸರನ್ನು ಕೆತ್ತಿಸಿದ ನಾಣ್ಯವನ್ನು ಬಿಟ್ಟರು. ಕೆಲವರು ಉಂಗುರವನ್ನು, ಗುಂಡಿಯನ್ನು, ಹೊಲಿಗೆಯ ಬೆರಳುಕವಚವನ್ನು, ಇಸ್ಪೀಟಿನ ಎಲೆಯ ಅರ್ಧವನ್ನು ಬಿಟ್ಟರು. ಒಬ್ಬಳು ಬರಿಯ ಹೇಜಲ್ ಕಾಯಿಯ ಚಿಪ್ಪೊಂದನ್ನು ಬಿಟ್ಟುಹೋದಳು. ಏನೂ ಇಲ್ಲದವರ ಮಗುವಿನ ಉಡುಪಿನಿಂದಲೋ ತಾಯಿಯ ಬಟ್ಟೆಯಿಂದಲೋ ಗುಮಾಸ್ತರೇ ಒಂದು ಅಂಗೈಯಗಲದ ತುಂಡನ್ನು ಕತ್ತರಿಸಿ, ಅದನ್ನು ದಾಖಲೆಯ ಹಾಳೆಗೆ ಗುಂಡುಸೂಜಿಯಿಂದ ಚುಚ್ಚಿಡುತ್ತಿದ್ದರು. ಹೀಗೆ ಉಳಿದುಬಂದ ತುಂಡುಗಳು ಐದು ಸಾವಿರಕ್ಕೂ ಮಿಕ್ಕಿವೆ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ಬಡ ಹೆಂಗಸರು ಎಂಥ ಬಟ್ಟೆಯನ್ನುಟ್ಟರೆಂಬುದನ್ನು ತಿಳಿಯಲು ಇಂದಿನ ಚರಿತ್ರಕಾರರಿಗೆ ಇಷ್ಟು ದೊಡ್ಡ ಸಂಗ್ರಹ ಮತ್ತೊಂದಿಲ್ಲ. ಆದರೆ ಅವುಗಳನ್ನು ಬಿಟ್ಟುಹೋದವರು ಚರಿತ್ರೆಗಾಗಿ ಬಿಟ್ಟವರಲ್ಲ. ಹಿಂತಿರುಗಿ ಬರುವೆನೆಂಬ ಸಂಕಲ್ಪದಿಂದ ಬಿಟ್ಟವರು. 1741ರಿಂದ 1760ರವರೆಗೆ ಸೇರಿದ ಮಕ್ಕಳು 16,282. ಆ ಮಕ್ಕಳಲ್ಲಿ ಹೆತ್ತವರ ಕೈಗೆ ಮರಳಿದವರು 152. ನೂರರಲ್ಲಿ ಒಂದು ಮಗುವೂ ಹಿಂತಿರುಗಲಿಲ್ಲವೆಂದಾಯಿತು. ಆ ಗುರುತುಗಳನ್ನು ಲಕೋಟೆಯಲ್ಲಿ ಮುದ್ರೆಯೊತ್ತಿ ಇಟ್ಟಿದ್ದರಾಗಿ, ತನ್ನ ತಾಯಿ ತನಗಾಗಿ ಒಂದು ವಸ್ತುವನ್ನು ಬಿಟ್ಟುಹೋಗಿದ್ದಳೆಂಬುದೂ ಸಹ ಮಗುವಿಗೆ ಎಂದೂ ತಿಳಿಯುತ್ತಿರಲಿಲ್ಲ.

ಸೇರಿದ ಮಕ್ಕಳ ಪಾಲನೆಯ ಕ್ರಮವು ಆ ಕಾಲದ ಮಟ್ಟಿಗೆ ಶ್ಲಾಘ್ಯವಾದುದೆಂದೇ ಹೇಳಬೇಕು. ಕೂಸನ್ನು ಕೆಲವೇ ದಿನಗಳಲ್ಲಿ ಹಳ್ಳಿಗಾಡಿನ ಮೊಲೆಯೂಡುವ ದಾದಿಯೊಬ್ಬಳ ಮನೆಗೆ ಕಳುಹಿಸುತ್ತಿದ್ದರು. ಅಲ್ಲಿ ಅದು ಐದು ವರ್ಷದವರೆಗೆ, ಅವಳ ಸ್ವಂತ ಮಕ್ಕಳ ನಡುವೆ, ಹಾಲು ಗಾಳಿ ಬಿಸಿಲುಗಳನ್ನುಂಡು ಬೆಳೆಯುತ್ತಿತ್ತು. ದಾದಿಗೆ ಸಂಸ್ಥೆಯಿಂದ ಸಂಬಳ. ಅವಳ ಮೇಲ್ವಿಚಾರಣೆಗೆ ಆಯಾ ಊರಿನ ಗೌರವಸ್ಥರಲ್ಲೊಬ್ಬರು, ಎಷ್ಟೋ ಕಡೆ ಹೆಂಗಸರೇ, ವೇತನವಿಲ್ಲದೆ ನಿಂತು ಮಗುವಿನ ಆರೋಗ್ಯವನ್ನು ಕುರಿತು ಲಂಡನ್ನಿಗೆ ಪತ್ರ ಬರೆಯುತ್ತಿದ್ದರು. ವಿಲಿಯಂ ಕ್ಯಾಡೊಗನ್ ಎಂಬ ವೈದ್ಯನು 1748ರಲ್ಲಿ ಈ ಸಂಸ್ಥೆಯ ಆಡಳಿತಗಾರರೊಬ್ಬರಿಗೆ ಬರೆದ ಪತ್ರದ ರೂಪದಲ್ಲಿ ಶಿಶುಪೋಷಣೆಯ ಮೇಲೊಂದು ಪ್ರಬಂಧವನ್ನು ಪ್ರಕಟಿಸಿ, ಕೂಸನ್ನು ಬಟ್ಟೆಯಲ್ಲಿ ಬಿಗಿದು ಸುತ್ತುವ ರೂಢಿಯನ್ನು ಖಂಡಿಸಿ, ಎದೆಹಾಲಿಗೆ ಸಮನಾದುದಿಲ್ಲವೆಂದು ಸಾರಿದನು. ಸಿಡುಬಿನ ಭಯದಿಂದ ಮಕ್ಕಳನ್ನು ಕಾಪಾಡಲು, ಲಸಿಕೆಯು ಇನ್ನೂ ಹುಟ್ಟದಿದ್ದ ಆ ದಿನಗಳಲ್ಲಿಯೇ, ರೋಗದ ಕೀವನ್ನು ಚರ್ಮಕ್ಕೆ ಚುಚ್ಚಿಹಾಕುವ ಪದ್ಧತಿಯನ್ನು ಸಂಸ್ಥೆಯು ಅನುಸರಿಸಿತು. ಐದು ವರ್ಷ ತುಂಬಿದಮೇಲೆ ಮಗುವು ಲಂಡನ್ನಿಗೆ ಹಿಂತಿರುಗಿ, ಓದುವುದನ್ನೂ ಕೈಕೆಲಸಗಳನ್ನೂ ಕಲಿತು, ಗಂಡಾದರೆ ಹಡಗಿಗೋ ಬೇಸಾಯಕ್ಕೋ, ಹೆಣ್ಣಾದರೆ ಮನೆಗೆಲಸಕ್ಕೋ, ಕಸುಬು ಕಲಿಸುವ ಒಪ್ಪಂದದ ಮೇಲೆ ಯಜಮಾನರ ವಶಕ್ಕೆ ಹೋಗುತ್ತಿತ್ತು.

ಕಲಾವಿದರು ಈ ಮನೆಗೆ ಸಲ್ಲಿಸಿದ ಸೇವೆಯನ್ನು ಮರೆಯಲಾಗದು. ಚಿತ್ರಕಾರ ವಿಲಿಯಂ ಹೋಗಾರ್ತನು ಆರಂಭದಿಂದಲೂ ಆಡಳಿತ ಮಂಡಲಿಯಲ್ಲಿದ್ದು, 1740ರಲ್ಲಿ ಕೋರಮನ ಭವ್ಯವಾದ ಚಿತ್ರವನ್ನು ಬರೆದುಕೊಟ್ಟನು. ತನ್ನ ಗೆಳೆಯರಿಂದಲೂ ಚಿತ್ರಗಳನ್ನು ಕೊಡಿಸಿದನು. ಲ್ಯಾಂಬ್ಸ್ ಕಾಂಡ್ಯುಯಿಟ್ ಹೊಲಗಳಲ್ಲಿ 56 ಎಕರೆ ನೆಲವನ್ನು ಕೊಂಡು ಕಟ್ಟಿಸಿ 1745ರಲ್ಲಿ ಮಕ್ಕಳನ್ನು ಕರೆದೊಯ್ದ ಹೊಸ ಕಟ್ಟಡದ ಗೋಡೆಗಳ ಮೇಲೆ ಆ ಚಿತ್ರಗಳು ತೂಗಾಡಿದಾಗ, ಸಮಕಾಲೀನ ಚಿತ್ರಗಳನ್ನು ಸಾರ್ವಜನಿಕರು ಒಂದೆಡೆ ನೋಡುವ ಅವಕಾಶವು ಇಂಗ್ಲೆಂಡಿನಲ್ಲಿ ಮೊದಲ ಬಾರಿಗೆ ದೊರೆಯಿತು. ಹೋಗಾರ್ತನಿಗೂ ಮಕ್ಕಳಿರಲಿಲ್ಲ, ಅವನೂ ಅವನ ಮಡದಿಯೂ ಚಿಸ್ವಿಕ್ ಗ್ರಾಮದ ತಮ್ಮ ಮನೆಯಲ್ಲಿ ಈ ಸಂಸ್ಥೆಯ ಮಕ್ಕಳನ್ನು ಸಾಕಿದರು. ಸಂಗೀತಗಾರ ಹ್ಯಾಂಡೆಲ್ 1750ರಿಂದ ಮೊದಲ್ಗೊಂಡು ಇಲ್ಲಿಯ ಪ್ರಾರ್ಥನಾಮಂದಿರದಲ್ಲಿ ತನ್ನ ‘ಮೆಸಾಯ’ ಎಂಬ ಮಹಾಕೃತಿಯನ್ನು ವರ್ಷವರ್ಷವೂ ಹಾಡಿಸಿ, ಬಂದ ಹಣವನ್ನು ಮಕ್ಕಳಿಗೆ ಅರ್ಪಿಸಿದನು. ಒಟ್ಟು ಮೊತ್ತವು ಏಳು ಸಾವಿರ ಪೌಂಡುಗಳಿಗೆ ಸಮೀಪಿಸಿತು. ಸಾಯುವಾಗ ಆ ಕೃತಿಯ ಒಂದು ಪ್ರತಿಯನ್ನೂ ಸಂಸ್ಥೆಗೆ ಬರೆದಿಟ್ಟನು. ಇತ್ತ ಕೋರಮನಾದರೋ, ಆಡಳಿತಗಾರರೊಡನೆ ಮನಸ್ತಾಪವುಂಟಾಗಿ 1742ರಲ್ಲಿಯೇ ಕಾರ್ಯಸಮಿತಿಯಿಂದ ಹೊರಗಾಗಿ, ಕೈಯಲ್ಲಿದ್ದುದೆಲ್ಲ ಕರಗಿ, ಸ್ನೇಹಿತರು ಚಂದಾಯೆತ್ತಿ ಏರ್ಪಡಿಸಿದ ವರ್ಷಾಶನದಲ್ಲಿ ಕಾಲವನ್ನು ಕಳೆದು, 1751ರ ಮಾರ್ಚ್ 29ರಂದು ತೀರಿಕೊಂಡನು. ಅವನ ದೇಹವನ್ನು ಅದೇ ಪ್ರಾರ್ಥನಾಮಂದಿರದ ನೆಲದಡಿಯಲ್ಲಿ ಸಮಾಧಿ ಮಾಡಿದರು.

ಸಂಸ್ಥೆಯ ಚರಿತ್ರೆಯಲ್ಲಿ ಅತ್ಯಂತ ದಾರುಣವಾದ ಅಧ್ಯಾಯವು ಅತ್ಯಂತ ಉದಾರವಾದ ಉದ್ದೇಶದಿಂದಲೇ ಹುಟ್ಟಿತು. ಕಪ್ಪು ಗುಂಡನ್ನು ಹಿಡಿದು ಹಿಂತಿರುಗುವ ತಾಯಂದಿರ ಗೋಳನ್ನು ಕೊನೆಗಾಣಿಸಬೇಕೆಂದು ಆಡಳಿತಗಾರರು ಪಾರ್ಲಿಮೆಂಟನ್ನು ಬೇಡಿದರು. ಪಾರ್ಲಿಮೆಂಟು ಹಣವನ್ನು ಕೊಟ್ಟು, ಬಂದ ಮಗುವನ್ನೆಲ್ಲ ತೆಗೆದುಕೊಳ್ಳತಕ್ಕದ್ದೆಂಬ ನಿಬಂಧನೆಯನ್ನು ಹಾಕಿತು. 1756ರ ಜೂನ್ 2ರಂದು ಬಾಗಿಲಿನ ಬಳಿ ಬುಟ್ಟಿಯೊಂದನ್ನು ತೂಗುಹಾಕಿದರು. ಮೊದಲ ದಿನವೇ 117 ಮಕ್ಕಳು ಬಂದುವು. ಸುದ್ದಿಯು ಇಂಗ್ಲೆಂಡಿನ ಮೂಲೆಮೂಲೆಗೂ ಹರಡಿತು. ತಮ್ಮ ಹೊರೆಯನ್ನಿಳಿಸಿಕೊಳ್ಳಲು ಕಾದಿದ್ದ ಪ್ಯಾರಿಷಿನ ಅಧಿಕಾರಿಗಳು, ಕೆಲವೊಮ್ಮೆ ತಾಯಿಯ ಸಮ್ಮತಿಯಿಲ್ಲದೆಯೇ, ಕೂಸುಗಳನ್ನು ಗಾಡಿಯವರ ಕೈಯಲ್ಲಿ, ಅಲೆಮಾರಿಗಳ ಕೈಯಲ್ಲಿ, ಕೂಲಿ ಕೊಟ್ಟು ಲಂಡನ್ನಿಗೆ ಸಾಗಿಸಿದರು. ಕುದುರೆಯ ಬೆನ್ನಿನ ಬುಟ್ಟಿಗಳಲ್ಲಿ ಹತ್ತಾರು ಹರದಾರಿ ಬಂದ ಆ ಕೂಸುಗಳಲ್ಲಿ ಕೆಲವು ಹಾದಿಯಲ್ಲಿಯೇ ಸತ್ತುವು, ಕೆಲವು ಬಾಗಿಲನ್ನು ತಲುಪಿ ಸತ್ತುವು. ಹಾಲೂಡುವ ದಾದಿಯರು ಅಷ್ಟು ಮಂದಿ ಎಲ್ಲಿಂದ ಬರಬೇಕು? ದಾದಿಯಿಲ್ಲದ ಕೂಸಿಗೆ ಅಂಬಲಿಯೇ ಗತಿಯಾಯಿತು. ಆಕ್‌ವರ್ತ್, ಶ್ರೂಸ್‌ಬರಿ ಮೊದಲಾದ ಕಡೆಗಳಲ್ಲಿ ಶಾಖೆಗಳನ್ನು ತೆರೆದರೂ ಪ್ರವಾಹವು ತಡೆಯಲಿಲ್ಲ. 1760ರ ಮಾರ್ಚ್ 25ರಂದು ಪಾರ್ಲಿಮೆಂಟು ಈ ಪದ್ಧತಿಯನ್ನು ನಿಲ್ಲಿಸಿದಾಗ ಲೆಕ್ಕವು ಹೀಗಿತ್ತು: ನಾಲ್ಕು ವರ್ಷಗಳೊಳಗಾಗಿ ಬಂದ ಮಕ್ಕಳು 14,934, ಕಸುಬಿಗೆ ಕಳುಹಿಸುವ ವಯಸ್ಸಿನವರೆಗೆ ಮುಂದೆ ಬದುಕಿದವರು ಸುಮಾರು 4,400. ಹತ್ತರಲ್ಲಿ ಏಳು ಮಕ್ಕಳು, ಕರುಣೆಯ ಬಾಗಿಲನ್ನು ಹೊಕ್ಕಮೇಲೆ, ಸತ್ತುವು.

ಈ ಸಂಖ್ಯೆಗಳನ್ನು ಓದಿದವನಿಗೆ ದಾನವೇ ವ್ಯರ್ಥವೆಂದು ತೋರಿದರೆ ಅದು ತಪ್ಪು ತೀರ್ಮಾನವಾದೀತು. ದಾದಿ ಒಳ್ಳೆಯವಳಾಗಿ, ಅವಳ ಮೇಲೆ ಕಣ್ಣಿಡುವವರು ಶ್ರದ್ಧಾವಂತರಾಗಿದ್ದ ಹಳ್ಳಿಗಳಲ್ಲಿ ಮಕ್ಕಳು ಬದುಕಿದರು. ಜೋನಸ್ ಹ್ಯಾನ್ವೇ ಎಂಬ ವರ್ತಕನು ಸಂಸ್ಥೆಯ ಆಡಳಿತಗಾರನಾಗಿ ಇದನ್ನು ಕಂಡು, ಲಂಡನ್ನಿನ ಒಂದೊಂದು ಪ್ಯಾರಿಷಿನ ಬಡಶಿಶುಗಳ ಮರಣದ ಲೆಕ್ಕವನ್ನು ತಾನೇ ತಿರುಗಿ ಕೂಡಿಹಾಕಿ ಅಚ್ಚುಮಾಡಿಸಿ, ಆ ಶಿಶುಗಳನ್ನು ನಗರದಿಂದ ಹೊರಗೆ, ಹಳ್ಳಿಯ ದಾದಿಯರ ಬಳಿ ಬೆಳೆಸತಕ್ಕದ್ದೆಂಬ ಕಾನೂನನ್ನು 1767ರಲ್ಲಿ ಮಾಡಿಸಿದನು. ಮಗುವನ್ನು ಬದುಕಿಸುವುದು ಕಟ್ಟಡವಲ್ಲ, ಕಟ್ಟಡದ ಹಿಂದಿರುವ ಹಣವೂ ಅಲ್ಲ; ಅದನ್ನು ತೋಳಿನಲ್ಲೆತ್ತಿಕೊಂಡು ಅದರ ಹಸಿವನ್ನೂ ಜ್ವರವನ್ನೂ ತನ್ನದೆಂದು ತಿಳಿಯುವ ಒಬ್ಬ ವ್ಯಕ್ತಿ, ಮತ್ತು ಆ ವ್ಯಕ್ತಿಯನ್ನು ಬಿಡದೆ ವಿಚಾರಿಸುವ ಇನ್ನೊಬ್ಬ ವ್ಯಕ್ತಿ. ಹದಿನೆಂಟನೆಯ ಶತಮಾನವು ಹತ್ತು ಸಾವಿರ ಮಕ್ಕಳ ಪ್ರಾಣವನ್ನು ತೆತ್ತು ಕಲಿತ ಪಾಠವಿದು.

ಹತ್ತೊಂಬತ್ತನೆಯ ಶತಮಾನದ ಆರಂಭದಿಂದ ಸಂಸ್ಥೆಯ ಸ್ವರೂಪವು ಬದಲಾಯಿತು. ಪ್ರಶ್ನೆಯನ್ನು ಕೇಳದೆ ತೆಗೆದುಕೊಳ್ಳುವ ಪದ್ಧತಿಯು ಹೋಗಿ, ಪ್ರಶ್ನೆಗಳಿಗೆಲ್ಲ ಉತ್ತರ ಹೇಳಿದವಳ ಮಗುವನ್ನು ಮಾತ್ರ ತೆಗೆದುಕೊಳ್ಳುವ ಪದ್ಧತಿ ಬಂದಿತು. ಅವಿವಾಹಿತ ತಾಯಿಯು ಮನವಿಯನ್ನು ಬರೆದುಕೊಟ್ಟು, ಗಂಡಸರಿಂದ ಕೂಡಿದ ಸಮಿತಿಯ ಮುಂದೆ ನಿಂತು, ತಾನು ಹಿಂದೆ ಸುಶೀಲೆಯಾಗಿದ್ದೆನೆಂದೂ, ಇದು ತನ್ನ ಮೊದಲ ಮಗುವೆಂದೂ, ತಂದೆಯು ತನ್ನನ್ನು ತೊರೆದುಹೋದನೆಂದೂ, ಮಗುವನ್ನು ಕೈಬಿಟ್ಟರೆ ಮತ್ತೆ ಮಾನವಾಗಿ ದುಡಿದು ಬದುಕಬಲ್ಲೆನೆಂದೂ ಸಾಬೀತುಪಡಿಸಬೇಕು. ಒಪ್ಪಿದರೆ ಮಗುವಿಗೆ ಹೊಸ ಹೆಸರು. ತಾಯಿಗೆ ಆ ಹೆಸರನ್ನು ಹೇಳುವಂತಿಲ್ಲ. ಮಗು ಹೇಗಿದೆಯೆಂದು ವಿಚಾರಿಸಲು ಬಂದವಳಿಗೆ ಆರೋಗ್ಯದ ಸುದ್ದಿಯನ್ನು ತಿಳಿಸುತ್ತಿದ್ದರೇ ಹೊರತು ಮುಖವನ್ನು ತೋರಿಸುತ್ತಿರಲಿಲ್ಲ. ಐದು ವರ್ಷ ತುಂಬಿದ ಮಗುವು, ತನ್ನ ತಾಯಿಯೆಂದೇ ನಂಬಿದ್ದ ಹಳ್ಳಿಯ ದಾದಿಯ ಸೆರಗನ್ನು ಬಿಟ್ಟು, ತಲೆ ಬೋಳಿಸಿಕೊಂಡು, ಕಂದುಬಣ್ಣದ ಸಮವಸ್ತ್ರವನ್ನು ತೊಟ್ಟು, ನೂರಾರು ಮಕ್ಕಳು ಮಲಗುವ ಸಾಲುಮಂಚಗಳ ಕೊಠಡಿಗೆ ಬರುವ ದಿನವು ಅದರ ಎರಡನೆಯ ತಾಯಿವಿಯೋಗದ ದಿನ. ಇಪ್ಪತ್ತನೆಯ ಶತಮಾನದಲ್ಲಿ ಅಲ್ಲಿ ಬೆಳೆದವರು ಮುಪ್ಪಿನಲ್ಲಿ ತಮ್ಮ ಬಾಲ್ಯವನ್ನು ನೆನೆದು ಹೇಳಿಕೊಂಡಾಗ, ಊಟದ ಕೊರತೆಯನ್ನಲ್ಲ, ಶಿಕ್ಷೆಯನ್ನೂ ಅಷ್ಟಾಗಿ ಅಲ್ಲ, ಈ ಒಂದು ದಿನವನ್ನೇ ಮತ್ತೆ ಮತ್ತೆ ಹೇಳಿದರು. ಭಾನುವಾರಗಳಲ್ಲಿ ನಗರದ ಗಣ್ಯರು ಮಕ್ಕಳ ಹಾಡನ್ನು ಕೇಳಿ, ಅವರು ಶಿಸ್ತಾಗಿ ಕುಳಿತು ಉಣ್ಣುವುದನ್ನು ನೋಡಿ, ಮೆಚ್ಚಿ ಹೋಗುತ್ತಿದ್ದರು.

ಆ ಮನೆಯು ಕೊಟ್ಟ ಒಳ್ಳೆಯದನ್ನು ಅಲ್ಲಗಳೆಯುವುದು ನ್ಯಾಯವಲ್ಲ. 1800ರಲ್ಲಿ ಶಿಶುವಾಗಿ ಬಂದ ಜಾನ್ ಬ್ರೌನ್‌ಲೋ ಎಂಬಾತನು ಅಲ್ಲಿಯೇ ಬೆಳೆದು, ಅಲ್ಲಿಯ ಕಛೇರಿಯಲ್ಲಿಯೇ ದುಡಿದು, 1849ರಲ್ಲಿ ಸಂಸ್ಥೆಯ ಕಾರ್ಯದರ್ಶಿಯಾಗಿ, ಅದರ ಚರಿತ್ರೆಯನ್ನೂ ಬರೆದನು. ಒಟ್ಟು 25,000ಕ್ಕೂ ಹೆಚ್ಚು ಮಕ್ಕಳು ಅದರ ಆಶ್ರಯವನ್ನು ಪಡೆದರು. ಆದರೆ ಕಾಲವು ಅದರ ಮೇಲೆ ತನ್ನ ತೀರ್ಪನ್ನು ಕೊಟ್ಟಿತು. 1926ರಲ್ಲಿ ಲಂಡನ್ನಿನ ಕಟ್ಟಡವನ್ನು ಮಾರಿ ಕೆಡವಿದರು. ಮಕ್ಕಳು ಮೊದಲು ರೆಡ್‌ಹಿಲ್‌ಗೂ, 1935ರಲ್ಲಿ ಬರ್ಕಮ್‌ಸ್ಟೆಡ್‌ಗೂ ಹೋದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ತಾಯ್ತಂದೆಗಳಿಂದ ಬೇರ್ಪಟ್ಟ ಮಕ್ಕಳ ಅನುಭವವು ದೇಶದ ಕಣ್ಣನ್ನು ತೆರೆಯಿಸಿತು. 1945ರಲ್ಲಿ, ಸ್ಥಳೀಯ ಆಡಳಿತವು ಒಂದು ಹೊಲಮನೆಗೆ ಸಾಕಲು ಕೊಟ್ಟಿದ್ದ ಹನ್ನೆರಡು ವರ್ಷದ ಬಾಲಕನೊಬ್ಬನು ಹೊಡೆತಕ್ಕೂ ಹಸಿವಿಗೂ ಸಿಲುಕಿ ಸತ್ತನು. ಯಾರೂ ವಿಚಾರಿಸದಿದ್ದರೆ ಸಂಸಾರವೆಂಬುದೂ ಮಗುವಿಗೆ ಸೆರೆಮನೆಯಾಗಬಹುದೆಂಬುದನ್ನು ಆ ಸಾವು ತೋರಿಸಿತು. 1946ರ ಕರ್ಟಿಸ್ ಸಮಿತಿಯ ವರದಿ, 1948ರ ಮಕ್ಕಳ ಕಾನೂನು, ತಾಯಿಯ ಆರೈಕೆಗೂ ಮಗುವಿನ ಮನಸ್ಸಿನ ಆರೋಗ್ಯಕ್ಕೂ ಇರುವ ಸಂಬಂಧವನ್ನು ಕುರಿತು ಜಾನ್ ಬೋಲ್ಬಿಯು ವಿಶ್ವ ಆರೋಗ್ಯ ಸಂಸ್ಥೆಗಾಗಿ 1951ರಲ್ಲಿ ಬರೆದ ಗ್ರಂಥ, ಇವೆಲ್ಲವೂ ಒಂದೇ ದಿಕ್ಕನ್ನು ತೋರಿದುವು. 1954ರಲ್ಲಿ ಮಕ್ಕಳನ್ನು ಒಟ್ಟಾಗಿ ಇರಿಸಿಕೊಳ್ಳುವ ಕಾರ್ಯವನ್ನು ಸಂಸ್ಥೆಯು ನಿಲ್ಲಿಸಿತು. ಇಂದು ಅದು ಕೋರಮನ ಹೆಸರಿನಲ್ಲಿಯೇ ಮಕ್ಕಳಿಗೂ ಅವರ ಕುಟುಂಬಗಳಿಗೂ ನೆರವಾಗುವ ಸಂಸ್ಥೆಯಾಗಿ ನಡೆಯುತ್ತಿದೆ.

ಆ ದಾಖಲೆಗಳನ್ನು ಕುರಿತು ಯೋಚಿಸಿದಷ್ಟೂ ಒಂದು ಸತ್ಯವು ಎದ್ದು ಕಾಣುತ್ತದೆ. ಅಲ್ಲಿ ಸೇರಿದ ಮಕ್ಕಳಲ್ಲಿ ಬಹುಮಂದಿ ಅನಾಥರಲ್ಲ. ಅವರ ತಾಯಂದಿರು ಬದುಕಿದ್ದರು, ಅದೇ ನಗರದಲ್ಲಿದ್ದರು, ಮಗುವನ್ನು ಬಿಡಲೊಲ್ಲದೆ ಬಿಟ್ಟವರಾಗಿದ್ದರು. ಹಳ್ಳಿಯ ದಾದಿಗೆ ಮಗುವನ್ನು ಸಾಕಲು ವಾರವಾರವೂ ಸಂಬಳ ಕೊಡುತ್ತಿದ್ದ ಸಂಸ್ಥೆಗೆ, ಆ ಸಂಬಳವನ್ನು ಹೆತ್ತ ತಾಯಿಗೇ ಕೊಡಬಹುದಲ್ಲವೆಂಬ ಯೋಚನೆ ಎರಡು ಶತಮಾನಗಳ ಕಾಲ ಹೊಳೆಯಲಿಲ್ಲ. ಹೊಳೆದಿದ್ದರೂ ಸಮಾಜವು ಅದನ್ನು ಸಹಿಸುತ್ತಿರಲಿಲ್ಲ. ಮಗುವನ್ನು ನಿರ್ದೋಷಿಯೆಂದು ಎತ್ತಿಕೊಂಡ ಕರುಣೆಯು ತಾಯಿಯನ್ನು ದೋಷಿಯೆಂದು ಹೊರಗೆ ನಿಲ್ಲಿಸಿತು.

ಈ ವಿಷಯದಲ್ಲಿ ನಮ್ಮ ದೇಶದ ಕೆಲವರು ಹೆಚ್ಚು ದೂರ ಕಂಡರೆಂಬುದು ಹೆಮ್ಮೆಯ ಮಾತು. ಬಾಲವಿಧವೆಯರು ಗರ್ಭಿಣಿಯರಾದಾಗ ಅವಮಾನಕ್ಕಂಜಿ ಬಾವಿಗೆ ಬೀಳುವುದನ್ನೂ ಹುಟ್ಟಿದ ಕೂಸನ್ನು ಕೊಲ್ಲುವುದನ್ನೂ ಕಂಡ ಜ್ಯೋತಿರಾವ್ ಫುಲೆ ಮತ್ತು ಸಾವಿತ್ರಿಬಾಯಿ ಫುಲೆಯವರು 1863ರಲ್ಲಿ ಪುಣೆಯ ತಮ್ಮ ಮನೆಯಲ್ಲಿಯೇ ‘ಬಾಲಹತ್ಯಾ ಪ್ರತಿಬಂಧಕ ಗೃಹ’ವನ್ನು ತೆರೆದು, ಅಂಥ ಹೆಣ್ಣುಮಕ್ಕಳು ಬಂದು ಗುಟ್ಟಾಗಿ ಹೆರಬಹುದೆಂದು ಊರಿನಲ್ಲಿ ಪ್ರಕಟಿಸಿದರು. ಅಲ್ಲಿ ಆಶ್ರಯವು ಮಗುವಿಗೆ ಮಾತ್ರವಲ್ಲ, ತಾಯಿಗೂ ಇದ್ದಿತು. ಮಕ್ಕಳಿಲ್ಲದ ಆ ದಂಪತಿಗಳು ಅಲ್ಲಿ ಬ್ರಾಹ್ಮಣ ವಿಧವೆಯೊಬ್ಬಳಿಗೆ ಹುಟ್ಟಿದ ಯಶವಂತನೆಂಬ ಮಗುವನ್ನು ದತ್ತು ತೆಗೆದುಕೊಂಡರು; ಅವನು ವೈದ್ಯನಾಗಿ, 1897ರ ಪ್ಲೇಗಿನಲ್ಲಿ ತಾಯಿಯೊಡನೆ ರೋಗಿಗಳ ಶುಶ್ರೂಷೆಗೆ ನಿಂತನು; ಆ ಸೇವೆಯಲ್ಲಿಯೇ ರೋಗವಂಟಿ ಸಾವಿತ್ರಿಬಾಯಿಯವರು ಮಡಿದರು. ಕನ್ನಡನಾಡಿನ ಯಾತ್ರಿಕರಿಗೂ ಚಿರಪರಿಚಿತವಾದ ಪಂಢರಪುರದಲ್ಲಿ ಪ್ರಾರ್ಥನಾ ಸಮಾಜದವರು 1875ರಲ್ಲಿ ಇಂಥದೇ ಆಲಯವನ್ನು ಸ್ಥಾಪಿಸಿದರು. ಕಾರ್ಕಳದ ಬಳಿಯ ಮಾಳ ಗ್ರಾಮದ ಅನಂತಶಾಸ್ತ್ರಿ ಡೋಂಗ್ರೆಯವರ ಮಗಳಾಗಿ 1858ರಲ್ಲಿ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿಯವರು, ಬರಗಾಲದ ಹಸಿವಿನಲ್ಲಿ ತಂದೆತಾಯಿಗಳನ್ನೂ ಅಕ್ಕನನ್ನೂ ಕಳೆದುಕೊಂಡು, ಅನ್ನವಿಲ್ಲದ ಮಗುವಿನ ಸ್ಥಿತಿಯನ್ನು ಸ್ವತಃ ಅನುಭವಿಸಿದವರು. ಮುಂದೆ ಪುಣೆಯ ಸಮೀಪದ ಕೇಡಗಾಂವದಲ್ಲಿ ಅವರು ಕಟ್ಟಿದ ‘ಮುಕ್ತಿ’ ಸದನದಲ್ಲಿ 1900ರ ಹೊತ್ತಿಗೆ ಬರಪೀಡಿತರಾದ ಹೆಂಗಸರೂ ಮಕ್ಕಳೂ ಸೇರಿ ಎರಡು ಸಾವಿರದಷ್ಟು ಮಂದಿ ಇದ್ದರು. ವಿಧವೆಯರೂ ಅವರ ಶಿಶುಗಳೂ ಅಲ್ಲಿ ಒಂದೇ ಆವರಣದಲ್ಲಿದ್ದು, ನೇಯ್ಗೆ, ಬೇಸಾಯ, ಅಚ್ಚುಕೂಟದ ಕೆಲಸಗಳನ್ನು ಕಲಿತರು. ಕುರುಡರಿಗೂ ಅಲ್ಲಿ ವಿದ್ಯೆ ದೊರೆಯಿತು.

ಇಂದು ನಮ್ಮಲ್ಲಿ ಈ ಹೊಣೆಯು ದಾನಿಗಳ ಇಚ್ಛೆಗೆ ಬಿಟ್ಟುದಲ್ಲ. 1920ರ ಮದರಾಸು ಮಕ್ಕಳ ಕಾನೂನಿನಿಂದ ಮೊದಲುಗೊಂಡು, 1964ರ ಕರ್ನಾಟಕ ಮಕ್ಕಳ ಕಾನೂನನ್ನು ಹಾದು, 2015ರ ಬಾಲನ್ಯಾಯ ಕಾನೂನಿನವರೆಗೆ ಬೆಳೆದ ಶಾಸನವು, ಮಕ್ಕಳ ಕಲ್ಯಾಣ ಸಮಿತಿಗಳನ್ನೂ ಬಾಲಮಂದಿರಗಳನ್ನೂ ಏರ್ಪಡಿಸಿದೆ; ನೋಂದಣಿಯಿಲ್ಲದೆ ಮಕ್ಕಳ ಮನೆಯನ್ನು ನಡೆಸುವುದನ್ನು ಅಪರಾಧವೆಂದು ಸಾರಿದೆ; ಮತ್ತು ಸಂಸ್ಥೆಗೆ ಸೇರಿಸುವುದು ಮಗುವಿಗೆ ಕಟ್ಟಕಡೆಯ ಉಪಾಯವೇ ಹೊರತು ಮೊದಲನೆಯದಲ್ಲವೆಂಬ ತತ್ತ್ವವನ್ನು ಸ್ಪಷ್ಟವಾಗಿ ಅಂಗೀಕರಿಸಿದೆ. ಕಷ್ಟದಲ್ಲಿರುವ ಕುಟುಂಬದಲ್ಲಿಯೇ ಮಗು ಉಳಿದು ಬೆಳೆಯುವಂತೆ ತಿಂಗಳಿಗೆ ನಾಲ್ಕು ಸಾವಿರ ರೂಪಾಯಿಗಳ ಪ್ರಾಯೋಜಕತ್ವವನ್ನು ಮಿಷನ್ ವಾತ್ಸಲ್ಯ ಯೋಜನೆಯು ಒದಗಿಸುತ್ತದೆ. ಲಂಡನ್ನಿನ ಆಡಳಿತಗಾರರಿಗೆ ಹೊಳೆಯದೆ ಹೋದ ಉಪಾಯವು ಹೀಗೆ ನಮ್ಮ ಕಾನೂನಿನ ಪುಸ್ತಕದಲ್ಲಿ ಇದೆ. ಅದು ಪ್ರತಿಯೊಂದು ಹಳ್ಳಿಯ ಬಡತಾಯಿಗೂ ತಿಳಿದಿದೆಯೇ, ಕೇಳಿದವಳ ಕೈಗೆ ವಿಳಂಬವಿಲ್ಲದೆ ಮುಟ್ಟುತ್ತಿದೆಯೇ ಎಂಬುದನ್ನು ನೋಡುವುದು ಉಳಿದಿದೆ.

ಮನೆಯಲ್ಲಿ ಹಿಂಸೆಗೊಳಗಾದ ಮಗುವಿಗೆ, ಬೀದಿಯಲ್ಲಿ ಕಳೆದುಹೋದ ಮಗುವಿಗೆ, ನಿಜವಾಗಿ ಯಾರೂ ಇಲ್ಲದ ಮಗುವಿಗೆ ಬಾಲಮಂದಿರವು ಬೇಕು, ಮುಂದೆಯೂ ಬೇಕು; ಅದು ಚಿಕ್ಕದಾಗಿ, ಶುಚಿಯಾಗಿ, ಹೊರಗಿನವರ ವಿಚಾರಣೆಗೆ ಸದಾ ತೆರೆದುದಾಗಿ, ಒಂದೊಂದು ಮಗುವನ್ನೂ ಹೆಸರು ಹಿಡಿದು ಬಲ್ಲವರಿಂದ ಕೂಡಿರಬೇಕು. ಆದರೆ ಬಡತನವೊಂದೇ ಕಾರಣವಾಗಿ ಯಾವ ಮಗುವೂ ಅದರ ಬಾಗಿಲಿಗೆ ಬರಕೂಡದು. ಹುಟ್ಟುಹಬ್ಬದ ದಿನ ಬಾಲಮಂದಿರಕ್ಕೆ ಸಿಹಿಯೂಟವನ್ನು ಕಳುಹಿಸುವ ಸಜ್ಜನರು ಆ ಒಳ್ಳೆಯ ರೂಢಿಯನ್ನು ಬಿಡಬೇಕಾಗಿಲ್ಲ; ಅದರೊಡನೆ, ತಮ್ಮ ಬೀದಿಯಲ್ಲಿ ಮಗುವನ್ನು ಸಾಕಲಾರದೆ ತತ್ತರಿಸುತ್ತಿರುವ ಒಬ್ಬ ತಾಯಿಯನ್ನು ಗುರುತಿಸಿ, ಅವಳಿಗೆ ಸಲ್ಲಬೇಕಾದ ನೆರವು ಸಲ್ಲುವಂತೆ ಕಛೇರಿಯವರೆಗೆ ಅವಳ ಜೊತೆಯಲ್ಲಿ ಹೋಗಿಬರಲಿ. ಮಗುವನ್ನು ಕಾಪಾಡುವ ಕಾರ್ಯವು ತಾಯಿಯನ್ನು ಕಾಪಾಡುವುದರಿಂದಲೇ ಆರಂಭವಾಗತಕ್ಕದ್ದು.